ಅಕ್ಕನಿಗೆ ಹೋದ ಕಾರು, ನಾನು ಕಟ್ಟಿದ ಟ್ಯಾಂಕು

ಅಪ್ಪ ತಮ್ಮ ಕಾರನ್ನು ಅಕ್ಕನಿಗೆ ಕೊಡುತ್ತಾರೆ ಎಂಬುದು ನನಗೆ ಗೊತ್ತಾದದ್ದು ಫೋನಿನಲ್ಲಿ. ಪಿರಿಯಾಪಟ್ಟಣದ ಹತ್ತಿರದ ನಮ್ಮ ಊರಿನಲ್ಲಿ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಮುಂದೆ ಚಪ್ಪರದಡಿ ಕೂತು ಹಸಿ ಎಲೆಯನ್ನು ದಾರಕ್ಕೆ ಪೋಣಿಸುತ್ತಿದ್ದೆ. ಕೈಯೆಲ್ಲ ಕಪ್ಪು ಅಂಟು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು "ಏಳಪ್ಪ" ಅಂದೆ.

"ಕಾರ್ನ ದೊಡ್ಡವ್ಳಿಗೆ ಕೊಟ್ಬುಡಾನ ಅಂತಿವ್ನಿ ಕಣವ್ವ. ಅವ್ಳ ಮನೆ ಮುಂದೆ ಸೆಡ್ ಅದೆ, ನೆರಳಲ್ಲಿ ನಿಂತ್ಕತದೆ."

ಎದೆಗೆ ಯಾರೋ ಮಂಡಿ ಕೊಟ್ಟ ಹಾಗಾಯಿತು. "ಹೂಂ" ಅಂದೆ. ಅಷ್ಟಕ್ಕೇ ಫೋನಿಟ್ಟಿದ್ದರೆ ಅಳುತ್ತಲೋ ಬೈಯುತ್ತಲೋ ಸುಮ್ಮನಾಗುತ್ತಿದ್ದೆ. ಅಪ್ಪ ಇಡಲಿಲ್ಲ.

"ಆದ್ರೆ ಟ್ಯಾಂಕ್ ತೂತಾಗಿ ಪೆಟ್ರೋಲ್ ಸೋರ್ತಾ ಅದೆ. ನೀನೊಂದ್ಸಲಿ ಬಂದು ಇಳ್ಸಿ, ತೊಳ್ದು, ಬೆಸ್ಗೆ ಆಕ್ಸಿ, ತಿರ್ಗಾ ಕಟ್ಕೊಟ್ಬುಡು ಮಗ. ನನ್ ಸೊಂಟ ಬಗ್ಗಕಿಲ್ಲ."

ಕಾರು ಅವಳಿಗೆ. ಟ್ಯಾಂಕು ನನಗೆ. ಅದೂ ಇಳಿಸಿ, ಉಜ್ಜಿ, ಕಟ್ಟಿಕೊಡುವುದಕ್ಕೆ! ಅಯ್ಯೋ ಶಿವನೇ, ಇದಕ್ಕಿಂತ ಎರಡು ಏಟು ಬಿಗಿದಿದ್ದರೆ ವಾಸಿಯಿತ್ತು.

ಆ ಕಾರಿನ ವಿಷಯ ಸ್ವಲ್ಪ ಹೇಳಬೇಕು. ಅಪ್ಪ ಬೀಚನಹಳ್ಳಿ ಅಣೆಕಟ್ಟೆಯ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ಕಟ್ಟೆ ಕಟ್ಟುವ ಕಾಲದಲ್ಲಿ ಸಾಹೇಬರುಗಳು ಓಡಾಡಿದ ಹಳೇ ಅಂಬಾಸಿಡರ್ ಒಂದು ಗುಜರಿ ಹರಾಜಿಗೆ ಬಂದಾಗ ಅಪ್ಪ ಹಿಡಿದುಕೊಂಡು ಬಂದರು. ಅಂದಿನಿಂದ ನಮ್ಮ ಮನೆಯ ಭಾನುವಾರಗಳೆಲ್ಲ ಆ ಕಾರಿನ ಕೆಳಗೇ ಕಳೆದವು. ನಮ್ಮ ಅಂದರೆ ಅಪ್ಪನವು, ನನ್ನವು. ಅಕ್ಕ ಹತ್ತಿರ ಸುಳಿಯುತ್ತಿರಲಿಲ್ಲ. ಅವಳು ಬೆಳ್ಳಗಿದ್ದಳು, ಅವಳ ಲಂಗ ಬೆಳ್ಳಗಿತ್ತು, ಕೈ ಬೆಳ್ಳಗಿತ್ತು. ಕಾರು ರಿಪೇರಿಯಾಗಿ ಹೊರಟಾಗ ಮಾತ್ರ ಬಂದು ಮುಂದಿನ ಸೀಟಿನಲ್ಲಿ ಮಹಾರಾಣಿಯ ಹಾಗೆ ಕೂತುಕೊಳ್ಳುತ್ತಿದ್ದಳು. ನಾನು ಗ್ರೀಸು ಕೈ ಒರೆಸಿಕೊಂಡು ಹಿಂದೆ ಹತ್ತುತ್ತಿದ್ದೆ, ಸೀಟಿಗೆ ಮಸಿ ಆಗುತ್ತದೆ ಅಂತ ಗೋಣಿ ಹಾಸಿಕೊಂಡು.

ಕೆಲಸ ಕಲಿತೆ, ಸುಳ್ಳು ಹೇಳಬಾರದು. ಅಪ್ಪ ಕಾರಿನಡಿಯಿಂದ ಕೈ ಚಾಚಿದರೆ ಯಾವ ಸ್ಪ್ಯಾನರ್ ಅಂತ ನಾನು ಕೇಳುತ್ತಿರಲಿಲ್ಲ, ಕೈ ಚಾಚಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಮದುವೆಯಾದ ಮೇಲೂ ತವರಿಗೆ ಹೋದಾಗಲೆಲ್ಲ ಸೀರೆ ಎತ್ತಿ ಕಟ್ಟಿ ಕಾರಿನಡಿ ನುಗ್ಗಿದ್ದೇನೆ. ಇಷ್ಟೂ ವರ್ಷದಲ್ಲಿ ಅಪ್ಪನ ಬಾಯಿಂದ ಒಂದೇ ಒಂದು ಒಳ್ಳೇ ಮಾತು ಬಂದಿಲ್ಲ. ಕೆಲಸ ಕೆಟ್ಟರೆ ಬೈಗುಳ, ಸರಿಯಾದರೆ "ಹೂಂ". ನಾಲ್ಕು ಜನರ ಮುಂದೆ ಒಂದು ಸಲ "ನನ್ನ ಕೆಲಸ ಇವಳಿಗೆ ಬಂತು" ಅಂದುಬಿಡಲಿ ಅಂತ ನಾನು ಕಾದಿರುವುದು ಇಂದು ನಿನ್ನೆಯಿಂದಲ್ಲ. ಐವತ್ತು ದಾಟಿದೆ, ಮಕ್ಕಳ ಮದುವೆಯಾಯಿತು, ಇನ್ನೂ ಕಾಯುತ್ತಿದ್ದೆ. ನಾಚಿಕೆಗೇಡು ಅನ್ನಿ, ಇರುವುದು ಹಾಗೆ.

"ಓಗಕಿಲ್ಲ ಅಂದ್ಬುಡು," ಅಂದರು ನನ್ನ ಗಂಡ. "ಕಾರ್ ಇಸ್ಕಳರೇ ಟ್ಯಾಂಕು ಮಾಡ್ಸ್ಕಳ್ಳಿ."

"ಓಯ್ತೀನಿ" ಅಂದೆ. ಬೇರೆ ಯಾವನೋ ಮೆಕ್ಯಾನಿಕ್ಕು ಎಚ್.ಡಿ. ಕೋಟೆಯಿಂದ ಬಂದು ಆ ಬೋಲ್ಟುಗಳಿಗೆ ಕೈ ಹಾಕುವುದನ್ನು ನಾನು ಸಹಿಸುವವಳಲ್ಲ. ಅಲ್ಲದೆ ಎಂಥ ಕೆಲಸ ಮಾಡುತ್ತೇನೆ ಅಂತ ಅಪ್ಪ ನೋಡಲಿ. ಕೊಟ್ಟಿದ್ದು ತಪ್ಪಾಯಿತು ಅಂತ ಹೊಟ್ಟೆಯೊಳಗೆ ಅನ್ನಿಸಲಿ.

ಹುಣಸೂರಿಗೆ ಒಂದು ಬಸ್ಸು, ಅಲ್ಲಿಂದ ಕೋಟೆಗೆ ಒಂದು, ಕೋಟೆಯಿಂದ ಬೀಚನಹಳ್ಳಿಗೆ ಇನ್ನೊಂದು. ಅಪ್ಪನ ಮನೆ ಮುಟ್ಟಿದಾಗ ಬಾಗಿಲಲ್ಲಿ ಅಕ್ಕನ ಚಪ್ಪಲಿ. ಸಾಲಿಗ್ರಾಮದಿಂದ ಹಿಂದಿನ ದಿನವೇ ಬಂದು ಕೂತಿದ್ದಳು. ನಾಲೆ ನೀರಿನ ಗದ್ದೆಯವರು, ಅವರಿಗೆ ಬಿಡುವಿಗೇನು ಬರ! ನಾವೋ, ಮಳೆ ನೋಡಿಕೊಂಡು ಹೊಗೆಸೊಪ್ಪು ಹಾಕುವವರು, ಬ್ಯಾರನ್ನಿಗೆ ಬೆಂಕಿ ಹಾಕಿದರೆ ಕಣ್ಣು ಮುಚ್ಚುವ ಹಾಗಿಲ್ಲ. ಅಕ್ಕ ಓಡಿ ಬಂದು ನನ್ನ ಚೀಲ ಇಸಿದುಕೊಂಡಳು.

"ಎಷ್ಟ್ ಸೊರ್ಗೋಗಿದ್ದೀಯೆ! ಬಾ, ಒಬ್ಬಟ್ಟು ಮಾಡ್ಕಂಡು ಬಂದಿವ್ನಿ, ನಿಂಗೇಂತ್ಲೇ."

ಇದೇ ನೋಡಿ ಅವಳ ತೊಂದರೆ. ಒಳ್ಳೆಯವಳು. ಕೆಟ್ಟವಳಾಗಿದ್ದರೆ ಜಗಳವಾಡಿ ಹಗುರವಾಗಬಹುದಿತ್ತು. ಒಬ್ಬಟ್ಟು ತಿಂದೆ, ತುಪ್ಪ ಬಹಳ ಹಾಕಿದ್ದಳು, ಅದೂ ರುಚಿಯಾಗಿತ್ತು, ಅದಕ್ಕೂ ಹೊಟ್ಟೆ ಉರಿಯಿತು.

ಆ ಕಾರಿನ ಟ್ಯಾಂಕು ಇರುವುದು ಹಿಂಭಾಗದಲ್ಲಿ, ಡಿಕ್ಕಿಯ ತಳಕ್ಕೆ ಜೋತುಬಿದ್ದ ಹಾಗೆ. ಮೊದಲು ಬ್ಯಾಟರಿ ವೈರು ಕಳಚಿದೆ. ತಳದ ಬೋಲ್ಟು ಬಿಚ್ಚಿ ಉಳಿದಿದ್ದ ಪೆಟ್ರೋಲನ್ನು ಕ್ಯಾನಿಗೆ ಇಳಿಸಿದೆ. ಪೆಟ್ರೋಲು ಟೀ ಬಣ್ಣಕ್ಕೆ ತಿರುಗಿತ್ತು, ಅಷ್ಟು ತುಕ್ಕು. ಡಿಕ್ಕಿಯ ಹಲಗೆ ಎತ್ತಿ, ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳಿನ ವೈರು ತೆಗೆದೆ. ಪೆಟ್ರೋಲ್ ಹಾಕುವ ಬಾಯಿಗೂ ಟ್ಯಾಂಕಿಗೂ ನಡುವೆ ಇರುವ ರಬ್ಬರ್ ಕೊಳವೆ ಕಲ್ಲಾಗಿತ್ತು, ಕುಯ್ದು ಹಾಕಿದೆ. ಕೆಳಗೆ ಜ್ಯಾಕು, ಜ್ಯಾಕಿನ ಮೇಲೆ ಹಲಗೆ, ಹಲಗೆಯ ಮೇಲೆ ಟ್ಯಾಂಕಿನ ಭಾರ. ಆಮೇಲೆ ಸುತ್ತಲಿನ ಬೋಲ್ಟುಗಳು. ಹಿಂದಿನ ಸಂಜೆಯೇ ಸೀಮೆಎಣ್ಣೆ ಸವರಿಡಿ ಅಂತ ಅಪ್ಪನಿಗೆ ಹೇಳಿದ್ದೆ, ಸವರಿದ್ದರು. ಆದರೂ ಎರಡು ಬೋಲ್ಟು ಹಟ ಹಿಡಿದವು. ಬೆನ್ನ ಮೇಲೆ ಮಲಗಿ, ಎರಡು ಕಾಲನ್ನೂ ಚಕ್ರಕ್ಕೆ ಒದ್ದು ಹಿಡಿದು ಎಳೆದೆ. ತುಕ್ಕಿನ ಪುಡಿ ಕಣ್ಣಿಗೂ ಬಾಯಿಗೂ ಉದುರಿತು.

ನಾನು ಕೆಳಗೆ ಹೀಗೆ ಮಣ್ಣು ತಿನ್ನುತ್ತಿದ್ದರೆ ಮೇಲೆ ಏನು ನಡೆಯುತ್ತಿತ್ತು ಗೊತ್ತೆ? ಅಪ್ಪ ಅಕ್ಕನನ್ನು ಮುಂದೆ ಕೂರಿಸಿಕೊಂಡು ಗೇರು ಹೇಳಿಕೊಡುತ್ತಿದ್ದರು. ಅವಳು ಕೆ.ಆರ್. ನಗರದಲ್ಲಿ ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸ್ ಮಾಡಿಸಿಕೊಂಡಿದ್ದಳು, ಈ ವಯಸ್ಸಿನಲ್ಲಿ. ಹೊಸ ಕಾರುಗಳ ಗೇರು ನಡುವೆ ಇರುತ್ತದೆ, ಇದರದ್ದು ಸ್ಟೀರಿಂಗಿನ ಪಕ್ಕ. "ಎಳ್ದು ಮೇಲಕ್ಕೆ, ಆಂ, ಅಂಗೆ, ಮೆತ್ತಗೆ ಕಣವ್ವ" ಅನ್ನುವ ಅಪ್ಪನ ದನಿ ತಗಡಿನ ಮೂಲಕ ಕೇಳುತ್ತಿತ್ತು. ನನಗೆ ಯಾವತ್ತೂ ಮೆತ್ತಗೆ ಅಂದವರಲ್ಲ. ನನಗೆ ಓಡಿಸುವುದನ್ನು ಕಲಿಸಲೂ ಇಲ್ಲ. "ಅದಕ್ಕೇನ್ ಅವಸ್ರ, ಮದ್ಲು ಬಿಚ್ಚೋದ್ ಕಲಿ" ಅನ್ನುತ್ತಿದ್ದರು. ಬಿಚ್ಚುವುದರಲ್ಲೇ ನನ್ನ ಆಯಸ್ಸು ಮುಗಿಯಿತು.

ಟ್ಯಾಂಕು ಜ್ಯಾಕಿನ ಮೇಲೆ ನಿಧಾನವಾಗಿ ಇಳಿದಾಗ ಅಕ್ಕ ಕೆಳಗೆ ಬಂದು ಕುಕ್ಕರುಗಾಲಲ್ಲಿ ಕೂತು ಇಣುಕಿದಳು. ಕೈಯಲ್ಲಿ ಟೀ ಲೋಟ.

"ಇವೆಲ್ಲ ನಿಂಗೆ ಎಂಗೆ ಗೊತ್ತಾಯ್ತದೆ ಕಣೆ? ನಂಗೆ ಇದ್ರ ತಲೆ ಯಾವ್ದು ಬಾಲ ಯಾವ್ದು ಒಂದೂ ತಿಳಿಯಕಿಲ್ಲ."

"ತಿಳ್ದು ಏನಾಗ್ಬೇಕು ನಿಂಗೆ? ಕೂತ್ಕಂಡು ಓಡ್ಸು," ಅಂದೆ. ಅವಳು ನಕ್ಕಳು, ತಮಾಷೆ ಅಂದುಕೊಂಡು. ಅಪ್ಪ ಟ್ಯಾಂಕನ್ನು ಬೆರಳಿಂದ ತಟ್ಟಿ, ತೂತು ನೋಡಿ, "ಹೂಂ" ಅಂದರು.

ಟ್ಯಾಂಕನ್ನು ಊರಿಗೆ ಒಯ್ಯಬೇಕಿತ್ತು, ತೊಳೆಯುವ ಸಾಮಾನೆಲ್ಲ ಅಲ್ಲಿದ್ದವು. ಎರಡು ಸಲ ಸೋಪಿನ ನೀರು ಹಾಕಿ ಕುಲುಕಿ ಚೆಲ್ಲಿ, ಬಾಯಿಗಳಿಗೆಲ್ಲ ಬಟ್ಟೆ ತುರುಕಿ, ಗೋಣಿಯಲ್ಲಿ ಹೊಲಿದು ಬಸ್ಸಿಗೆ ಹತ್ತಿಸಿದೆ. ಕೋಟೆಯ ನಿಲ್ದಾಣದಲ್ಲಿ ಕಂಡಕ್ಟರು ಮೂಗು ಅರಳಿಸಿಕೊಂಡು ಬಂದ.

"ಏನಮ್ಮೋ ಇದು, ಪೆಟ್ರೋಲ್ ಬಂಕೇ ಒತ್ಕಂಡು ಬಂದಿದ್ದೀಯ?"

"ಸೊಪ್ಗೆ ಔಸ್ದಿ ಒಡೆಯೋ ಟ್ಯಾಂಕು ಕಣಪ್ಪ."

"ಇಷ್ಟ್ ದೊಡ್ಡುದ್ರಲ್ಲಿ ಯಾರಮ್ಮ ಒಡೀತಾರೆ, ಊರಿಗೆಲ್ಲಾ ನೀನೇ ಒಡೀತೀಯ?" ಬಸ್ಸಿನವರೆಲ್ಲ ನಕ್ಕರು. ಕೊನೆಗೆ ಹಿಂದಿನ ಬಾಗಿಲ ಹತ್ತಿರ, ಕಿಟಕಿ ತೆಗೆದಿಟ್ಟು ಕೂರುವುದಾದರೆ ಸರಿ ಅಂದ. ಟ್ಯಾಂಕಿಗೂ ಲಗೇಜ್ ಟಿಕೆಟ್ ಹರಿದ. ಹುಣಸೂರಿನವರೆಗೆ ಮಗುವನ್ನು ಹಿಡಿದುಕೊಂಡ ಹಾಗೆ ಅದನ್ನು ಹಿಡಿದುಕೊಂಡು ಕೂತಿದ್ದೆ. ಅಕ್ಕನ ಕಾರಿನ ಟ್ಯಾಂಕು, ನನ್ನ ಮಡಿಲಲ್ಲಿ. ಸೋನೆ ಮಳೆ ಕಿಟಕಿಯಿಂದ ಒಳಗೆ ಬಂದು ನನ್ನನ್ನೂ ಅದನ್ನೂ ನೆನೆಸಿತು.

ತುಕ್ಕು ಬಿಡಿಸಲು ಅಪ್ಪ ಹೇಳಿಕೊಟ್ಟದ್ದು ಹುಣಸೆಹಣ್ಣು. ಹಳೇ ಕಪ್ಪು ಹುಣಸೆಹಣ್ಣನ್ನು ಕುದಿಸಿ, ಆ ರಸವನ್ನು ಟ್ಯಾಂಕಿಗೆ ಹುಯ್ದು, ಜೊತೆಗೆ ಎರಡು ಸೇರು ಸಣ್ಣ ಜಲ್ಲಿ ಹಾಕಿ, ಎಲ್ಲ ಬಾಯಿ ಭದ್ರವಾಗಿ ಮುಚ್ಚಿ ಕುಲುಕಬೇಕು. ದೊಡ್ಡ ಬಾಯಿಗೆ ಮರದ ಬಿರಡೆ ಹೊಡೆದೆ. ಸಣ್ಣ ತೂತುಗಳಿಗೆ ಬಟ್ಟೆ ಸೋಪು ಉಜ್ಜಿದೆ. ಇನ್ನೊಂದಿತ್ತು, ಟ್ಯಾಂಕಿನ ನೆತ್ತಿಯ ಮೇಲೆ ಕಿರುಬೆರಳಿನಷ್ಟು ಒಂದು ಗಾಳಿ ಕೊಳವೆ. ಪೆಟ್ರೋಲು ಕಡಿಮೆಯಾಗುತ್ತ ಬಂದ ಹಾಗೆ ಅದರ ಜಾಗಕ್ಕೆ ಹೊರಗಿನ ಗಾಳಿ ಹೋಗುವುದು ಅದರಿಂದ. ಅದರ ತುದಿಗೆ ಸೈಕಲ್ ಟ್ಯೂಬಿನ ತುಂಡು ಮಡಚಿ ಹೊದಿಸಿ, ಹೊಗೆಸೊಪ್ಪು ಪೋಣಿಸುವ ದಾರದಿಂದ ಏಳೆಂಟು ಸುತ್ತು ಬಿಗಿದು ಗಂಟು ಹಾಕಿದೆ. ನಮ್ಮ ಗಂಟು ಗೊತ್ತಲ್ಲ, ಬ್ಯಾರನ್ನಿನ ಕಾವಿಗೂ ಎಲೆ ಜಾರದ ಗಂಟು.

ಎರಡು ದಿನ ಕುಲುಕಿದೆವು. ನನ್ನ ಗಂಡ ಒಂದು ತುದಿ, ನಾನು ಒಂದು ತುದಿ. ಜೋಳ ಕೇರಿದ ಹಾಗೆ ಜರಜರ ಸದ್ದು. ಚೆಲ್ಲಿದಾಗಲೆಲ್ಲ ಇಟ್ಟಿಗೆ ಬಣ್ಣದ ನೀರು.

"ನಿಮ್ಮಕ್ಕನ ಟ್ಯಾಂಕ್ಗೆ ಇಷ್ಟೊಂದು ಸೇವೆಯಾ? ನನ್ ತಲೆಗೆ ಒಂದಿನ ಇಂಗೆ ಎಣ್ಣೆ ಉಜ್ಜಿದ್ದೀಯಾ?" ಅಂದರು ನನ್ನ ಗಂಡ.

"ನಿಮ್ ತಲೇಲಿ ತುಕ್ಕಿಡಿಯಕೆ ಏನದೆ?" ಅಂದೆ. ಅಷ್ಟು ಉರಿಯಲ್ಲೂ ಇಬ್ಬರೂ ನಕ್ಕೆವು.

ಹುಣಸೂರಿನಲ್ಲಿ ಬೆಸುಗೆ ಹಾಕುವ ಒಬ್ಬ ಮುದುಕರಿದ್ದಾರೆ. ಟ್ಯಾಂಕನ್ನು ಮಗುಚಿ ಹಾಕಿ, ತೂತಿನ ಮಟ್ಟದವರೆಗೂ ನೀರು ತುಂಬಿಸಿ, ಆಮೇಲೆ ಕಾಯಿಸಿದ ಕಬ್ಬಿಣ ಇಟ್ಟರು. ಒಳಗೆ ಪೆಟ್ರೋಲಿನ ಆವಿ ಒಂದು ಚೂರು ಉಳಿದಿದ್ದರೂ ಸಿಡಿಯುತ್ತದೆ, ಅದಕ್ಕೇ ನೀರು. ಮೂರು ಕಡೆ ಬೆಸುಗೆಯಾಯಿತು. "ಯಾರವ್ವ ತೊಳ್ದಿದ್ದು? ಸಂದಾಕ್ ತೊಳ್ದವ್ರೆ" ಅಂದರು. ಪರವಾಗಿಲ್ಲ, ಯಾರಾದರೂ ಒಬ್ಬರು ಅಂದರಲ್ಲ ಅನ್ನಿಸಿತು. ಆದರೆ ಅನ್ನಬೇಕಾದವರು ಅವರಲ್ಲ.

ಒಣಗಿಸುವುದು ಕಷ್ಟವಾಯಿತು. ಆ ವಾರವೆಲ್ಲ ಜಡಿಮಳೆ. ಒಳಗೆ ತೇವ ಉಳಿದರೆ ಹತ್ತು ದಿನಕ್ಕೆ ಮತ್ತೆ ತುಕ್ಕು. ಆಗ ನನಗೆ ಹೊಳೆಯಿತು, ಹೇಗೂ ಬ್ಯಾರನ್ನಿನಿಂದ ಹದವಾದ ಸೊಪ್ಪು ಇಳಿಸಿ ಬೆಂಕಿ ಆರಿಸಿದ್ದೆವು, ಮುಂದಿನ ಲೋಡಿಗೆ ಇನ್ನೂ ಒಂದು ದಿನವಿತ್ತು. ಗೋಡೆ ಇನ್ನೂ ಬೆಚ್ಚಗಿತ್ತು. ದೊಡ್ಡ ಬಾಯಿಗಳನ್ನು ತೆಗೆದು, ಟ್ಯಾಂಕನ್ನು ಸೊಪ್ಪು ನೇತುಹಾಕುವ ಮರದ ಮೇಲೆ ಮಲಗಿಸಿ ಬಂದೆ. ಮಾರನೆಯ ದಿನ ಇಣುಕಿ ನೋಡಿದರೆ ಒಳಗೆಲ್ಲ ಹೊಸ ಪಾತ್ರೆಯ ಬಣ್ಣ. ಇಂಥ ಉಪಾಯ ಅಪ್ಪನಿಗೂ ಬರುತ್ತಿರಲಿಲ್ಲ ಅಂತ ಎದೆಯುಬ್ಬಿಸಿಕೊಂಡು ಹೊರಟೆ.

ಬೀಚನಹಳ್ಳಿಯಲ್ಲಿ ಅಕ್ಕ ಇನ್ನೂ ಇದ್ದಳು. ಮಾರನೆಯ ಬೆಳಿಗ್ಗೆ ಅವಳೇ ಕಾರು ಓಡಿಸಿಕೊಂಡು ಸಾಲಿಗ್ರಾಮಕ್ಕೆ ಹೋಗುವುದು, ಅಪ್ಪನೂ ಜೊತೆಗೆ ಹೋಗಿ ಒಂದು ತಿಂಗಳು ಅಲ್ಲೇ ಇರುವುದು ಅಂತ ತೀರ್ಮಾನವಾಗಿತ್ತು. ಕಾರೂ ಹೋಯಿತು, ಅಪ್ಪನೂ ಹೋದರು ಅಂದುಕೊಂಡೆ. ಬ್ಯಾರನ್ನಿನ ಉಪಾಯ ಹೇಳಿದೆ. ಅಪ್ಪ ಟಾರ್ಚು ಬಿಟ್ಟು ಟ್ಯಾಂಕಿನೊಳಗೆ ಇಣುಕಿದರು. "ಹೂಂ" ಅಂದರು. ಅಷ್ಟೆ. ಅಷ್ಟೇ!

ಅಪ್ಪನದೊಂದು ಕಟ್ಟುನಿಟ್ಟಿತ್ತು. ಯಾರು ಬಿಚ್ಚಿದರೋ ಅವರೇ ಕಟ್ಟಬೇಕು, ನಡುವೆ ಇನ್ನೊಬ್ಬರು ಕೈ ಹಾಕಬಾರದು, ಯಾವ ಬೋಲ್ಟು ಎಲ್ಲಿಯದು ಅಂತ ಬಿಚ್ಚಿದವರಿಗೇ ಗೊತ್ತಿರುತ್ತದೆ. ಹಾಗಾಗಿ ಅವರು ಟ್ಯಾಂಕಿನ ಹತ್ತಿರವೂ ಬರಲಿಲ್ಲ. ಪೆಟ್ರೋಲ್ ಹಾಕುವ ಬಾಯಿಯ ಮುಚ್ಚಳಕ್ಕೆ ಹೊಸ ರಬ್ಬರ್ ವಾಷರ್ ಕತ್ತರಿಸಿ, ಗಾಳಿಯೂ ನುಸುಳದ ಹಾಗೆ ಕೂರಿಸಿದ್ದೊಂದೇ ಅವರ ಕೆಲಸ. ನಾನು ಟ್ಯಾಂಕನ್ನು ಜ್ಯಾಕಿನ ಮೇಲೆ ಕೂರಿಸಿ, ಕೆಳಗೆ ನುಗ್ಗಿ, ಒಂದೊಂದೇ ಇಂಚು ಎತ್ತುತ್ತ ಬಂದೆ. ಇನ್ನು ನಾಲ್ಕು ಬೆರಳು ಎತ್ತಿದರೆ ಡಿಕ್ಕಿಯ ತಳಕ್ಕೆ ತಾಗುತ್ತದೆ ಅನ್ನುವಾಗ ನೆತ್ತಿಯ ಮೇಲಿನ ಗಾಳಿ ಕೊಳವೆ ಕಣ್ಣಿಗೆ ಬಿತ್ತು. ಸೈಕಲ್ ಟ್ಯೂಬು, ದಾರ, ಗಂಟು, ಎಲ್ಲ ಹಾಗೇ ಇದೆ. ಬ್ಲೇಡು ಸೆರಗಿನ ಗಂಟಿನಲ್ಲಿತ್ತು. ಕೈ ಹಾಕಿ ತೆಗೆದೆ.

ಅದೇ ಹೊತ್ತಿಗೆ ಮೇಲಿನಿಂದ ಅಪ್ಪ ಅಕ್ಕನಿಗೆ ಹೇಳಿದ್ದು ಕೇಳಿಸಿತು. "ಹಳೇ ಗಾಡಿ ನೋಡ್ಕಳಕೆ ಪಿರೀತಿ ಬೇಕು ಕಣವ್ವ. ಅದು ನಿನ್ ತಾವ ಅದೆ. ಅದ್ಕೇ ನಿಂಗ್ ಕೊಡ್ತಿರೋದು."

ನನ್ನ ಮೈಯೆಲ್ಲ ಉರಿದುಹೋಯಿತು. ಪ್ರೀತಿ ಅಂತೆ! ಒಂದು ದಿನ ಉಗುರಿಗೆ ಗ್ರೀಸು ಮಾಡಿಕೊಳ್ಳದವಳಿಗೆ ಪ್ರೀತಿ. ಬೆನ್ನಿಗೆ ಕಲ್ಲು ಒತ್ತಿಸಿಕೊಂಡು ಮಲಗಿರುವ ನಾನು ಕೂಲಿಯವಳು. ಬ್ಲೇಡನ್ನು ಮತ್ತೆ ಸೆರಗಿಗೆ ಕಟ್ಟಿದೆ. ಜ್ಯಾಕು ಎತ್ತಿದೆ. ಟ್ಯಾಂಕು ತಳಕ್ಕೆ ಕೂತಿತು, ಗಾಳಿ ಕೊಳವೆ ಮರೆಯಾಯಿತು. ಬೋಲ್ಟುಗಳನ್ನೆಲ್ಲ ಒಂದೊಂದಾಗಿ ಬಿಗಿದೆ. ಮರೆತೆ ಅಂತ ಇಲ್ಲಿ ಬರೆದರೆ ಯಾರೂ ಬಂದು ಕೇಳುವುದಿಲ್ಲ. ಮರೆತಿರಲಿಲ್ಲ.

ಅದನ್ನು ಬಿಚ್ಚದಿದ್ದರೆ ಏನಾಗುತ್ತದೆ ಅಂತಲೂ ಚೆನ್ನಾಗಿ ಗೊತ್ತಿತ್ತು. ಹೊರಟಾಗ ಕಾರು ಚೆನ್ನಾಗಿಯೇ ಓಡುತ್ತದೆ. ಹತ್ತಿಪ್ಪತ್ತು ಮೈಲಿ ಹೋದ ಮೇಲೆ, ಗಾಳಿ ಇಲ್ಲದ ಟ್ಯಾಂಕಿನಿಂದ ಪೆಟ್ರೋಲು ಎಳೆಯಲಾಗದೆ ಇಂಜಿನ್ನು ಕೆಮ್ಮಿ ನಿಂತುಬಿಡುತ್ತದೆ. ಪ್ರಾಣಕ್ಕೇನೂ ಅಪಾಯವಿಲ್ಲ. ಅಷ್ಟು ಕೆಟ್ಟವಳಲ್ಲ ನಾನು. ನನ್ನ ಲೆಕ್ಕ ಬೇರೆ ಇತ್ತು. ಕಾರು ದಾರಿಯಲ್ಲಿ ನಿಲ್ಲಬೇಕು. ಅಪ್ಪನಿಗೆ ಕೂಡಲೇ ಹೊಳೆಯಬಾರದು, ವಯಸ್ಸಾಗಿದೆ. ಅಕ್ಕ ಕಣ್ಣು ಕಣ್ಣು ಬಿಡಬೇಕು. ಆಗ ನನಗೆ ಫೋನು ಬರಬೇಕು. ನಾನು ಹುಣಸೂರಿನ ಬಸ್ಸು ಹತ್ತಿ ಹೋಗಿ, ಡಿಕ್ಕಿಯೊಳಗೆ ಕೈ ಹಾಕಿ, ಎರಡು ನಿಮಿಷದಲ್ಲಿ ಸರಿಮಾಡಿ ನಿಲ್ಲಬೇಕು. ಅಪ್ಪ ಆಗಲಾದರೂ, ನಡುರಸ್ತೆಯಲ್ಲಿ, ಅಕ್ಕನ ಎದುರಿಗೆ ಬಾಯಿ ಬಿಡಬೇಕು.

ಐದು ಲೀಟರ್ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಿದೆವು. ಬೀದಿಯಲ್ಲಿ ಒಂದು ಸುತ್ತು. ಅಕ್ಕ ಓಡಿಸಿದಳು, ಅಪ್ಪ ಪಕ್ಕದಲ್ಲಿ, ನಾನು ರಸ್ತೆಯಲ್ಲಿ. ಒಂದು ತೊಟ್ಟೂ ಸೋರಲಿಲ್ಲ. ಅಕ್ಕ ಇಳಿದು ಬಂದು ನನ್ನ ಮಸಿ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡಳು. ನಾನು ಕಿತ್ತುಕೊಂಡು ಕೈ ತೊಳೆಯಲು ಹೋದೆ. ಸಂಜೆಯ ಬಸ್ಸಿಗೇ ಊರಿಗೆ ಬಂದುಬಿಟ್ಟೆ, ಬ್ಯಾರನ್ನಿಗೆ ಲೋಡು ಹಾಕಬೇಕು ಅಂತ ನೆಪ ಹೇಳಿ.

ಮಾರನೆಯ ಬೆಳಿಗ್ಗೆ ಫೋನನ್ನು ಸೊಪ್ಪಿನ ರಾಶಿಯ ಮೇಲೆ, ಕಣ್ಣಿಗೆ ಬೀಳುವ ಹಾಗೆ ಇಟ್ಟುಕೊಂಡೆ. ಎಂಟಾಯಿತು. ಹೊರಟಿರುತ್ತಾರೆ. ಒಂಬತ್ತಾಯಿತು. ಕೋಟೆ ದಾಟಿರುತ್ತಾರೆ. ಒಳ್ಳೇ ಸೀರೆ ಉಟ್ಟುಕೊಂಡು ಕೂತಿದ್ದೆ, ಕರೆದ ಕೂಡಲೇ ಹೊರಡಲು. ಯಾಕೆ ಅಂತ ನನ್ನ ಗಂಡ ಕೇಳಿದ್ದಕ್ಕೆ ರೇಗಿದೆ. ಹತ್ತೂವರೆಗೆ ಫೋನು ಬಂತು, ಅಕ್ಕನದು.

"ಲೇ, ಕಾರ್ ನಿಂತೋಗಿತ್ತು ಕಣೆ!"

"ಅಯ್ಯೋ! ಎಲ್ಲಿ? ಬರ್ಲಾ?" ಆಗಲೇ ಚಪ್ಪಲಿಗೆ ಕಾಲು ತೂರಿಸಿದ್ದೆ.

"ಬ್ಯಾಡ ಬ್ಯಾಡ, ನಾನೇ ಸರಿ ಮಾಡ್ಬುಟ್ಟೆ!"

ಅವಳು ಒಂದೇ ಉಸಿರಿಗೆ ಹೇಳಿದಳು. ಹುಣಸೂರು ಇನ್ನು ನಾಲ್ಕು ಮೈಲಿ ಇರುವಾಗ, ಒಂದು ಟೀ ಅಂಗಡಿಯ ಮುಂದೆ ಕಾರು ಕೆಮ್ಮಿ ನಿಂತಿತಂತೆ. ಅಪ್ಪ ಬಾನೆಟ್ ಎತ್ತಿ ಅದು ಮುಟ್ಟಿ ಇದು ಮುಟ್ಟಿ ಸಾಕಾದರಂತೆ. ಪೆಟ್ರೋಲೇ ಮುಗಿಯಿತೋ ಏನೋ ಅಂತ ಇವಳು ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದಳಂತೆ. ಆಗ ಒಳಗಿನಿಂದ ಸುಯ್ ಅಂತ ಸದ್ದು.

"'ಅಪ್ಪ, ಟ್ಯಾಂಕು ಉಸ್ರು ಎಳ್ಕತು' ಅಂದೆ ಕಣೆ. ಅಪ್ಪ ಅಂಗೇ ನಿಂತ್ಕಂಡು ನನ್ ಮಕ ನೋಡ್ತು. ಸ್ಟಾರ್ಟ್ ಮಾಡು ಅಂತು. ಮಾಡಿದ್ರೆ ಒಂದೇ ಏಟ್ಗೆ ಸ್ಟಾರ್ಟು! ಅಪ್ಪ ಏನಂತು ಗೊತ್ತಾ ನಿಂಗೆ?"

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಟೀ ಅಂಗ್ಡೀಲಿ ಅಷ್ಟ್ ಜನ ನಿಂತಿದ್ರಲ್ಲ, ಅವ್ರ ಮುಂದೇನೇ, 'ನೋಡ್ರಪ್ಪಾ, ನನ್ ಕಿವಿಗೆ ಕೇಳ್ದೆ ಇದ್ದಿದ್ದು ನನ್ ಮಗಳ ಕಿವಿಗೆ ಕೇಳ್ತು, ಇವ್ಳನ್ನ ಇಷ್ಟ್ ವರ್ಸ ಅಡ್ಗೆ ಮನೇಲಿ ಕೂರ್ಸಿ ತಪ್ಮಾಡ್ಬುಟ್ಟೆ' ಅಂತು." ಅವಳ ದನಿ ಒಡೆಯಿತು. "ನಂಗೆ ಅಳು ಬಂದ್ಬುಡ್ತು ಕಣೆ. ನೀವಿಬ್ರು ಕಾರಡಿ ಸೇರ್ಕಂಡ್ರೆ ನಂಗೆ ಬರಕೆ ಜಾಗ ಎಲ್ಲಿತ್ತು ಏಳು? ಟೀ ಇಟ್ಕಂಡು ನಿಂತಿರೋಳು ನಾನು. ನಿನ್ನ ನೋಡಿ ಎಷ್ಟ್ ಒಟ್ಟೆ ಉರ್ಕಂಡಿವ್ನಿ ಅಂತ ನಿಂಗೇನ್ ಗೊತ್ತು."

ನನ್ನನ್ನು ನೋಡಿ! ಚಪ್ಪಲಿ ಹಾಕಿಕೊಂಡ ಕಾಲು ಅಲ್ಲೇ ನಿಂತಿತು. ಅವಳ ಅಳು ಕೇಳಿ ಕರುಳು ಚುರ್ ಅಂದದ್ದು ನಿಜ, ಅದೇ ಹೊತ್ತಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದೂ ನಿಜ. ಆ ಮಾತು ನನಗೆ ಬರಬೇಕಾಗಿತ್ತು. ಅದಕ್ಕೆ ಬೇಕಾದ ಎಲ್ಲವನ್ನೂ ನಾನೇ ನನ್ನ ಕೈಯಾರೆ ಮಾಡಿ ಅವಳಿಗೆ ಕೊಟ್ಟಿದ್ದೆ.

"ಇರು, ಅಪ್ಪಂಗೆ ಕೊಡ್ತೀನಿ" ಅಂದಳು. ಅಪ್ಪ ಫೋನು ತೆಗೆದುಕೊಂಡು ಸ್ವಲ್ಪ ದೂರ ನಡೆದದ್ದು ಚಪ್ಪಲಿಯ ಸದ್ದಿನಲ್ಲಿ ಗೊತ್ತಾಯಿತು.

"ಅವ್ಳು ಟೀ ಕುಡಿಯಕೆ ಓದಾಗ ಡಿಕ್ಕಿ ಹಲ್ಗೆ ಎತ್ತಿ ಕೈ ಆಕ್ದೆ," ಅಂದರು. "ಸೈಕಲ್ ಟ್ಯೂಬ್ ಚೂರು ಸಿಕ್ತು. ಸೊಪ್ಪಿನ ದಾರ."

ನಾನು ಸೊಪ್ಪಿನ ರಾಶಿಯ ಪಕ್ಕ ಕೂತೆ.

"ಮರ್ತ್ಬುಟ್ಯಾ ಮಗ?"

ಹೌದು ಅಂದರೆ ಮುಗಿಯುತ್ತಿತ್ತು. ಅವರು ಕೇಳಿದ ದನಿಯಲ್ಲೇ ಹೌದು ಅನ್ನು ಅನ್ನುವ ಹಾಗಿತ್ತು. ಆದರೆ ಮರೆತೆ ಅಂದರೆ ಕೆಲಸ ಬಾರದವಳಾಗುತ್ತೇನೆ. ಆ ಗಳಿಗೆಯಲ್ಲೂ ನನಗೆ ಅದೇ ಹೆಚ್ಚಾಯಿತು ನೋಡಿ.

"ಇಲ್ಲ ಕಣಪ್ಪ," ಅಂದೆ.

ಆ ಕಡೆ ಒಂದು ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಆಮೇಲೆ ಅಪ್ಪ ಮೆತ್ತಗೆ ಹೇಳಿದರು, ನಿಜವಾಗಿಯೂ ಮೆತ್ತಗೆ. "ಜೇಬ್ಗಾಕಂಡಿವ್ನಿ. ಅವ್ಳಿಗೆ ಏಳ್ಬ್ಯಾಡ. ಇವತ್ತು ಕುಸಿಯಾಗವ್ಳೆ." ಕೊನೆಗೆ, "ಟ್ಯಾಂಕು ಒಂದ್ ತೊಟ್ಟೂ ಸೋರ್ತಿಲ್ಲ" ಅಂದು ಫೋನಿಟ್ಟರು.

ಇದಾಗಿ ಎರಡು ವರ್ಷವಾಯಿತು. ಅಪ್ಪ ಅದರ ಬಗ್ಗೆ ಮತ್ತೆ ಮಾತೆತ್ತಿಲ್ಲ. ಅಕ್ಕ ಕಾರನ್ನು ಚೆನ್ನಾಗಿಯೇ ಇಟ್ಟುಕೊಂಡಿದ್ದಾಳೆ, ಪ್ಲಗ್ಗು ಉಜ್ಜುವುದನ್ನೂ ಅಪ್ಪನ ಹತ್ತಿರ ಕಲಿತಿದ್ದಾಳೆ. ಟ್ಯಾಂಕು ಉಸಿರೆಳೆದ ಕಥೆಯನ್ನು ಮಾತ್ರ ಯಾವ ಮದುವೆ, ಯಾವ ನಾಮಕರಣ ಸಿಕ್ಕಿದರೂ ಹೇಳದೆ ಬಿಡುವುದಿಲ್ಲ. ಪ್ರತಿ ಸಲವೂ ಟೀ ಅಂಗಡಿಯಲ್ಲಿ ನಿಂತಿದ್ದ ಜನ ಹೆಚ್ಚಾಗುತ್ತಾರೆ. ನಾನು ಪಕ್ಕದಲ್ಲಿ ಕೂತು ಕೇಳಬೇಕು.

ಹೋದ ತಿಂಗಳು ಅವಳ ಮೊಮ್ಮಗನ ಹೆಸರಿಡುವ ದಿನ, ಊಟದ ಪಂಕ್ತಿಯಲ್ಲಿ ಮತ್ತೆ ಶುರುಮಾಡಿದಳು. ಬೀಗರೆಲ್ಲ ತಿನ್ನುವುದು ಬಿಟ್ಟು ಕೇಳಿದರು. ಕೊನೆಗೆ ನನ್ನ ಬೆನ್ನ ಮೇಲೆ ಕೈಯಿಟ್ಟು, ಪ್ರೀತಿಯಿಂದಲೇ, "ಟ್ಯಾಂಕ್ ಕಟ್ಟಿದ್ದು ಇವ್ಳೇ ಕಣ್ರೀ, ನಮ್ಮಪ್ಪನ ತಾವ ಇಷ್ಟ್ ವರ್ಸ ಕಲ್ತೋಳು. ಪಾಪ, ಇವ್ಳಿಗೇ ಗೊತ್ತಾಗಿರ್ನಿಲ್ಲ. ಅಲ್ವೇನೇ?" ಅಂದಳು.

ಎಲ್ಲರೂ ನನ್ನ ಕಡೆ ನೋಡಿದರು. ಎದುರು ಸಾಲಿನಲ್ಲಿ ಅಪ್ಪ ತಲೆ ಎತ್ತದೆ ಅನ್ನ ಕಲಸುತ್ತಿದ್ದರು.

"ಊಂ ಕಣಕ್ಕ," ಅಂದೆ. "ನಂಗೆ ಗೊತ್ತಾಗ್ನಿಲ್ಲ."